ಹನ್ನೆರಡು ವಡೆಯ ಭಟ್ಟರು

ಮುರಾರಿ ಭಟ್ಟರ ಕಸುಬು ಉಣ್ಣುವುದು. ನಗಬೇಡಿ. ಡೊಂಬಿವಲಿಯಿಂದ ಠಾಣೆಯವರೆಗೆ ಉಡುಪಿ ಕಡೆಯವರ ಮನೆಗಳಲ್ಲಿ ಶ್ರಾದ್ಧವೆಂದರೆ ಬ್ರಾಹ್ಮಣಾರ್ಥಕ್ಕೆ ಕೂರುವವರು ಬೇಕೇ ಬೇಕು. ತೀರಿಹೋದವರ ಸ್ಥಾನದಲ್ಲಿ ಎಲೆಯ ಮುಂದೆ ಕೂತು, ಅವರ ಪರವಾಗಿ ಹೊಟ್ಟೆ ತುಂಬ ಉಣ್ಣುವವರು. ಎಲ್ಲರೂ ಲೋಕಲ್ ಟ್ರೇನಿನ ಹಿಂದೆ ಓಡುವ ಈ ಊರಿನಲ್ಲಿ, ಮಧ್ಯಾಹ್ನ ಒಂದೂವರೆಗೆ ಹನ್ನೆರಡು ಉದ್ದಿನ ವಡೆ ತಿನ್ನುವ ಪುರುಸೊತ್ತೂ ಹೊಟ್ಟೆಯೂ ಯಾರಿಗಿದೆ? ಭಟ್ಟರಿಗೆ ಎರಡೂ ಇದ್ದವು. ಅವರು ನಿಧಾನವಾಗಿ, ಕಣ್ಣು ಅರೆಮುಚ್ಚಿ ಉಣ್ಣುವುದನ್ನು ನೋಡಿದ ಮಕ್ಕಳಿಗೆ ಅಪ್ಪನೇ ಬಂದು ಉಂಡು ಹೋದಂತಾಗುತ್ತಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಭಟ್ಟರು ಆ ಗಾದೆಯನ್ನು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿದ್ದರು. ಮಾರ್ಚ್ ತಿಂಗಳಲ್ಲಿ ಬಲ ಪಕ್ಕೆಯ ಕೆಳಗೆ ನೋವು ಹಿಡಿದು, ಬೆನ್ನಿಗೆ ಹರಿದು, ನೆಲದ ಮೇಲೆ ಹೊರಳಾಡಿಸಿತು. ಪಿತ್ತಕೋಶದಲ್ಲಿ ಕಲ್ಲು ಎಂದರು ಡಾಕ್ಟರು. ಆಪರೇಷನ್ ಆಗಬೇಕು, ಅದಕ್ಕೆ ಮೊದಲು ಶುಗರ್ ಇಳಿಯಬೇಕು, ಅಲ್ಲಿಯವರೆಗೆ ಎಣ್ಣೆ, ತುಪ್ಪ, ತೆಂಗಿನಕಾಯಿ ಪೂರ್ತಿ ಬಂದ್. ಹೆಂಡತಿ ಹರಿಣಾಕ್ಷಿ ಮರುದಿನವೇ ಬಾಣಲೆಯನ್ನು ತೊಳೆದು ಮೇಲಿನ ಅಟ್ಟಕ್ಕೆ ಹಾಕಿದಳು. ಬೇಯಿಸಿದ ಸೋರೆಕಾಯಿ, ಒಗ್ಗರಣೆ ಇಲ್ಲದ ತೊವ್ವೆ, ಬೆಣ್ಣೆ ತೆಗೆದ ನೀರು ಮಜ್ಜಿಗೆ. ಭಟ್ಟರು ತಟ್ಟೆಯ ಮುಂದೆ ಮಾತು ಬಿಟ್ಟರು. ಅವಳು "ಉಪ್ಪು ಸಾಕಾ?" ಎಂದು ಕೇಳಿದರೆ ಗೋಡೆ ನೋಡುತ್ತಿದ್ದರು. ನಾಲ್ಕು ತಿಂಗಳಿಂದ ಇದೇ ಕಥೆ.

ಶ್ರಾದ್ಧದ ಕರೆ ಬಂದಾಗ ಮಾತ್ರ ಅವರು ನಿಜ ಹೇಳಲಿಲ್ಲ. ರೋಗಿಯನ್ನು ಯಾರೂ ಆ ಎಲೆಗೆ ಕೂರಿಸುವುದಿಲ್ಲ. ಒಂದು ಸಲ ಸುದ್ದಿ ಹಬ್ಬಿದರೆ ಕಲ್ಯಾಣದ ಯಾರೋ ಬಂದು ಕೂರುತ್ತಾರೆ, ಎದ್ದೇಳುವುದಿಲ್ಲ. ಅದಕ್ಕೆ ಸೂತಕದ ನೆವ ಹಿಡಿದರು. ಜುಲೈ ಹೊತ್ತಿಗೆ ದೂರದ ದಾಯಾದಿಗಳು ಐದು ಮಂದಿ ಸತ್ತಿದ್ದರು. ಅವರಲ್ಲಿ ಇಬ್ಬರು ಹುಟ್ಟಿದವರೇ ಅಲ್ಲ.

ಜಯಲತಮ್ಮನವರ ಫೋನು ಬಂದಾಗ ಮಾತ್ರ ಆರನೆಯವರನ್ನು ಕೊಲ್ಲಲು ಬಾಯಿ ಬರಲಿಲ್ಲ. ಘೋಡಬಂದರ್ ರಸ್ತೆಯ ಅವರ ಮನೆಯಲ್ಲಿ ಭಟ್ಟರು ಮೊದಲ ವರ್ಷದಿಂದ ಕೂತವರು. ವಾಶಿಯಲ್ಲಿ ಹೋಟೆಲು ನಡೆಸುತ್ತಿದ್ದ ಅವರ ಗಂಡ ರಾಯರಿಗೂ ಪಿತ್ತಕೋಶದ ಕಲ್ಲೇ ಇತ್ತು. ಹೃದಯ ದುರ್ಬಲವೆಂದು ಆಪರೇಷನ್ ಮಾಡಿರಲಿಲ್ಲ. ಆಕೆ ಎರಡು ವರ್ಷ ಬೇಯಿಸಿದ್ದನ್ನೇ ಹಾಕಿದರು. ಕೊನೆಯ ದಿನ ಬೆಳಿಗ್ಗೆ ರಾಯರು ಒಂದೇ ಒಂದು ವಡೆ ಕೇಳಿದ್ದರು, ಆಕೆ ಕೊಡಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ; ಹೃದಯ ನಿಂತಿತ್ತು. ಹನ್ನೊಂದು ವರ್ಷದಿಂದ ಆಕೆ ಆ ದಿನ ತಾನೇ ಮಡಿಯುಟ್ಟು ವಡೆ ಕರಿಯುತ್ತಾರೆ, ಭಟ್ಟರು ತಿಂದು ಮುಗಿಸುವವರೆಗೆ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾರೆ. ಆಕೆಯ ವರ್ಷದ ನೆಮ್ಮದಿಯೆಲ್ಲ ಭಟ್ಟರ ಎಲೆಯ ಮೇಲಿತ್ತು.

'ಒಂದು ದಿನ ತಾನೇ, ಒಂದೆರಡು ವಡೆ, ಏನಾಗುತ್ತದೆ' ಎಂದುಕೊಂಡು ಭಟ್ಟರು ಹೊರಟರು. ಹರಿಣಾಕ್ಷಿಗೆ ದೇವಸ್ಥಾನದಲ್ಲಿ ಪಾರಾಯಣ ಎಂದಿದ್ದರು.

ಪುರೋಹಿತರು ದಯಾನಂದ ಆಚಾರ್ಯರು, ಕ್ರಮ ಎಂದರೆ ಕ್ರಮ. ರಾಯರ ಮಗ ವಸಂತಕುಮಾರ ಮಂತ್ರ ಹೇಳಿಸಿಕೊಂಡು ಎಲೆಗೆ ತುಪ್ಪ ಹಾಕಿದ. ಇನ್ನು ಊಟ ಮುಗಿಯುವವರೆಗೆ ಎಲೆಯ ಮುಂದಿನವರು ಮೌನ. ಭಟ್ಟರು ಸಾರನ್ನ ಉಂಡರು, ಪಾಯಸ ನೆಕ್ಕಿದರು. ಕಾಯಿಹಾಲಿನ ಪಾಯಸ, ನಾಲ್ಕು ತಿಂಗಳ ಉಪವಾಸದ ನಾಲಿಗೆ ಅದನ್ನು ಬಿಟ್ಟರೆ ತಾನೇ? ಒಂದು ವಡೆಯೂ ಹೋಯಿತು. ಎರಡನೆಯದನ್ನು ಮುರಿದಾಗ ಪಕ್ಕೆಯ ಕೆಳಗೆ ಯಾರೋ ಬೆರಳಿಟ್ಟು ಒತ್ತಿದಂತಾಯಿತು. ಹಣೆಯಲ್ಲಿ ಬೆವರು. ಎಲೆಯಲ್ಲಿ ಇನ್ನೂ ಹತ್ತು ವಡೆ, ಬಾಗಿಲಲ್ಲಿ ಜಯಲತಮ್ಮ. ಭಟ್ಟರಿಗೆ ನಿಜವಾಗಿ ಹೆದರಿಕೆಯಾಯಿತು. ಎಡಗೈ ತಾನಾಗಿ ಪಕ್ಕೆಗೆ ಹೋಯಿತು.

"ವಸಂತ, ಬಡಿಸುದು ನಿಲ್ಲಿಸು" ಎಂದರು ಜಯಲತಮ್ಮ. ಆ ಕೈ ಹೋದ ಜಾಗ ಅವರಿಗೆ ಗೊತ್ತಿತ್ತು. ಎರಡು ವರ್ಷ ದಿನವೂ ನೋಡಿದ್ದರು. "ಭಟ್ರೆ, ನಿಮಗೂ ಅದೇ ಉಂಟಾ?"

ಭಟ್ಟರು ತಲೆ ತಗ್ಗಿಸಿದರು.

"ಆ ವಡೆ ಎಲ್ಲ ತೆಗಿ ಮಾರಾಯ!"

"ಎಲೆಗೆ ಹಾಕಿದ್ದನ್ನು ವಾಪಸ್ ತೆಗೆಯುವ ಕ್ರಮ ಇಲ್ಲ ಅಮ್ಮ" ಎಂದರು ಆಚಾರ್ಯರು. "ಮೊದಲೇ ಹೇಳ್ಬೇಕಿತ್ತು ಇವರು. ರೋಗ ಇದ್ದವರು ಕೂತ್ಕೊಳ್ಳುದಾ?"

"ಹಾಗಾದ್ರೆ ಅಲ್ಲೇ ಇರ್ಲಿ. ಭಟ್ರೆ, ಮುಟ್ಬೇಡಿ ಅದನ್ನು."

ಒಳಗೆ ಹೋದವರು ಬಿಸಿ ಅನ್ನ, ಒಗ್ಗರಣೆಗೆ ಮೊದಲೇ ತೆಗೆದ ಹೆಸರುಬೇಳೆ ತೊವ್ವೆ ತಂದರು. ವಡೆಗಳಿಗೆ ತಾಗದಂತೆ ಎಲೆಯ ಖಾಲಿ ಮೂಲೆಯಲ್ಲಿ ಬಡಿಸಿದರು. ನೋವು ಮೆಲ್ಲಗೆ ಸಡಿಲಾಗುತ್ತಿತ್ತು. ಭಟ್ಟರು ಎರಡು ತುತ್ತು ಉಂಡರು. ಆಕೆ ಎದುರಲ್ಲೇ ನಿಂತಿದ್ದರು.

"ಒಂದು ಕೇಳ್ತೇನೆ. ಹೀಗೆ ಸಪ್ಪೆ ಬಡಿಸುವವಳ ಮೇಲೆ ಕೋಪ ಬರ್ತದಾ?"

ಕೇಳಿದ್ದು ಭಟ್ಟರನ್ನಲ್ಲ, ಅವರು ಯಾರ ಸ್ಥಾನದಲ್ಲಿ ಕೂತಿದ್ದರೋ ಆ ರಾಯರನ್ನು. ವಸಂತಕುಮಾರ ಕೈಯ ಸೌಟು ಹಿಡಿದುಕೊಂಡೇ ನಿಂತ. ಇಲ್ಲವೆಂದು ತಲೆಯಾಡಿಸಿದರೆ ಆಗುತ್ತಿತ್ತು. ಮೌನವೂ ಉಳಿಯುತ್ತಿತ್ತು, ಕ್ರಮವೂ ಉಳಿಯುತ್ತಿತ್ತು. ಆದರೆ ಉಣ್ಣುವವನ ಮುಖವನ್ನು ಎರಡು ವರ್ಷ ಓದಿದ ಹೆಂಗಸಿಗೆ ಸುಳ್ಳು ಗೊತ್ತಾಗದೆ ಇರುತ್ತದೆಯೇ? ಭಟ್ಟರಿಗೆ ಗೋಡೆ ನೋಡುತ್ತಾ ಉಂಡ ನಾಲ್ಕು ತಿಂಗಳು ನೆನಪಾಗಿ ನಾಚಿಕೆಯಾಯಿತು.

"ಬರ್ತದೆ ಅಮ್ಮ" ಎಂದರು, ಬಾಯಿ ಬಿಟ್ಟು. "ಸಿಕ್ಕಾಪಟ್ಟೆ ಬರ್ತದೆ. ಬದುಕಿಸ್ಲಿಕ್ಕೆ ನೋಡುವವರ ಮೇಲೆ ಅಲ್ಲದೆ ಮತ್ಯಾರ ಮೇಲೆ ಕೋಪ ಮಾಡ್ಲಿಕ್ಕಾಗ್ತದೆ?"

ದಯಾನಂದ ಆಚಾರ್ಯರು "ಶಿವ ಶಿವಾ, ಮೌನ ಹೋಯ್ತು" ಎಂದು ಕಣ್ಣು ಮುಚ್ಚಿದರು. ಸಂಜೆಯೊಳಗೆ ಇದು ಡೊಂಬಿವಲಿ ಮುಟ್ಟುತ್ತದೆ, ಇನ್ನು ಯಾವ ಮನೆಯವರೂ ತನಗೆ ಎಲೆ ಹಾಕುವುದಿಲ್ಲ ಎಂದು ಭಟ್ಟರಿಗೆ ಅಲ್ಲೇ ಗೊತ್ತಾಯಿತು. ಹೋದರೆ ಹೋಗಲಿ ಎಂದು ಮಾತ್ರ ಅನ್ನಿಸಲಿಲ್ಲ, ಸಂಕಟವೇ ಆಯಿತು.

ಜಯಲತಮ್ಮ ಕಂಬಕ್ಕೆ ಒರಗಿದವರು ಹಾಗೆಯೇ ಜಾರಿ ನೆಲದ ಮೇಲೆ ಕೂತರು. ಮಗ "ಅಮ್ಮ, ಪಾನಿ ತರ್ಲಾ?" ಎಂದದ್ದು ಅವರಿಗೆ ಕೇಳಿಸಲಿಲ್ಲ.

"ಕೋಪ ಬಂದ್ರೆ ಅವ್ರು ಬಟ್ಟಲು ದೂಡಿ ಏಳುವ ಜನ" ಎಂದರು ಕೊನೆಗೆ. "ಎಷ್ಟು ಸರ್ತಿ ದೂಡಿದ್ದಾರೆ, ಲೆಕ್ಕ ಇಲ್ಲ. ಆ ದಿನ ದೂಡ್ಲಿಲ್ಲ ಭಟ್ರೆ. ಬೈದ್ರು, ಬೈದುಕೊಂಡೇ ಪೂರ್ತಿ ಉಂಡ್ರು. ಬಟ್ಟಲಲ್ಲಿ ಒಂದು ಅಗುಳು ಇರ್ಲಿಲ್ಲ. ನಾನೇ ತೊಳ್ದದ್ದು. ಇಷ್ಟು ವರ್ಷ ನನಗೆ ಅದು ನೆನಪೇ ಆಗ್ಲಿಲ್ಲ ನೋಡಿ."

ಸೆರಗಿನಿಂದ ಕಣ್ಣೊರೆಸಿಕೊಂಡು, ಮಂಡಿಗೆ ಕೈಕೊಟ್ಟು ಎದ್ದರು. ಮಗನ ಕೈಯಿಂದ ಸೌಟು ತೆಗೆದುಕೊಂಡರು.

"ಇನ್ನು ಸ್ವಲ್ಪ ತೊವ್ವೆ ಹಾಕ್ಲಾ?"

ಮುರಾರಿ ಭಟ್ಟರು ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿ ಕೊಟ್ಟರು.