ಮಣ್ಣಿಗೆ ಹೋಗಬೇಕಿದ್ದ ಸಿಡಿಲು

ನಾನು ಒಂದು ತಾಮ್ರದ ಸರಳು. ಬಡಿದ ಸಿಡಿಲನ್ನು ಕಟ್ಟಡಕ್ಕೆ ಮುಟ್ಟಗೊಡದೆ ನೆಲಕ್ಕೆ ಇಳಿಸುವುದು ನನ್ನ ಕೆಲಸ. ಕುಲುಮೆಯಲ್ಲಿ ಕರಗಿಸಿ, ಎಳೆದು, ತುದಿ ಚೂಪು ಮಾಡಿದವರು ನನಗೆ ಬೇರೆ ಯಾವ ವಿದ್ಯೆಯನ್ನೂ ಕಲಿಸಲಿಲ್ಲ. ಹಿಡಿದಿಡುವುದಂತೂ ನನಗೆ ಗೊತ್ತೇ ಇಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಆಮೇಲೆ ತಪ್ಪು ನನ್ನ ಮೇಲೆ ಹಾಕಬೇಡಿ.

ಹದಿನೆಂಟು ವರ್ಷ ಒಂದು ಕಾಳಿನ ಗೋದಾಮಿನ ಮೇಲೆ ನಿಂತಿದ್ದೆ. ಅದನ್ನು ಕೆಡವಿದಾಗ ಹರಾಜಿನಲ್ಲಿ ನನ್ನನ್ನು ಕೊಂಡವನು ಹಿಟ್ಟಿನ ಗಿರಣಿಯ ಫಕ್ಕೀರಪ್ಪ. ಗಿರಣಿಯ ಮಾಳಿಗೆಯ ಮೇಲೆ ನನ್ನನ್ನು ನಿಲ್ಲಿಸಿದ. ಗೋಡೆಗುಂಟ ತಾಮ್ರದ ಪಟ್ಟಿ ಇಳಿಸಿ, ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಯಲ್ಲಿ ಅದರ ತುದಿ ಹೂತ. ಗುಂಡಿ ಒಣಗಬಾರದೆಂದು ಅವನ ಹೆಂಡತಿ ದ್ಯಾಮವ್ವ ದಿನಾ ಬೆಳಿಗ್ಗೆ ಒಂದು ಕೊಡ ನೀರು ಹಾಕುತ್ತಿದ್ದಳು. ನನಗೆ ಉಪಚಾರ ಮಾಡಿದವಳು ಅವಳೊಬ್ಬಳೇ.

ಮೂರನೇ ವರ್ಷ ಸಿಡಿಲು ನನ್ನ ತಲೆಗೇ ಬಡಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ಮಣ್ಣಿಗೆ ದಾಟಿಸಿದೆ. ಗಿರಣಿಯೊಳಗೆ ಒಂದು ಜೋಳದ ಕಾಳೂ ಅಲುಗಲಿಲ್ಲ. ಮೆಚ್ಚುವುದು ಬಿಟ್ಟು ಫಕ್ಕೀರಪ್ಪ ಹೊಟ್ಟೆ ಉರಿಸಿಕೊಂಡ. ಆಗ ಕರೆಂಟು ದಿನಕ್ಕೆ ಎರಡು ತಾಸು ಬಂದರೆ ಹೆಚ್ಚು. ಹೆಂಗಸರು ಜೋಳದ ಬುಟ್ಟಿ ಹೊತ್ತು ಪಕ್ಕದ ಊರಿನ ಗಿರಣಿಗೆ ಹೋಗತೊಡಗಿದ್ದರು. ಹೀಗೇ ಆದರೆ ಇಲ್ಲಿ ಬೀಗ ಹಾಕುವುದೇ ಗತಿ.

"ಇಷ್ಟ್ ಕರೆಂಟ್ ಸುಮ್ನ ಮಣ್ಣಿಗೆ ಹಾಕಿದ್ವಲ್ಲ. ಹಿಡದಿಟ್ಟಿದ್ರ ವರ್ಷಗಟ್ಲೆ ಗಿರಣಿ ತಿರಗತಿತ್ತು," ಎಂದ.

"ಒಲಿ ಮ್ಯಾಲ ಉಕ್ಕೋ ಹಾಲ ಹಿಡಿಯಾಕ ಬರಂಗಿಲ್ಲ, ಸಿಡಿಲ ಹಿಡೀತಾರಂತ," ಎಂದಳು ದ್ಯಾಮವ್ವ.

"ನೀ ನೀರ ಹಾಕ ಹೋಗ."

ಟ್ರ್ಯಾಕ್ಟರಿನ ನಾಲ್ಕು ಬ್ಯಾಟರಿ ತಂದ. ನನ್ನ ಪಟ್ಟಿಯನ್ನು ಮೊಣಕಾಲೆತ್ತರದಲ್ಲಿ ಕತ್ತರಿಸಿ, ಕಿಟಕಿಯಿಂದ ಒಳಗೆಳೆದು ಅವಕ್ಕೆ ಬಿಗಿದ. ಪಕ್ಕದಲ್ಲಿ ಒಂದು ಮುಳ್ಳಿನ ಮೀಟರು ಬೇರೆ. ಬ್ಯಾಟರಿ ಗುಟುಕು ಗುಟುಕಾಗಿ ತಾಸುಗಟ್ಟಲೆ ಕುಡಿಯುವ ಪ್ರಾಣಿ. ಸಿಡಿಲು ಕೆರೆಯನ್ನೇ ಎತ್ತಿ ಒಂದೇ ಸಲಕ್ಕೆ ಸುರಿಯುತ್ತದೆ. ಬಾಯಿ ಉಳಿಯುತ್ತದೆಯೇ? ಇದನ್ನು ಅವನ ಕಿವಿ ಹಿಂಡಿ ಹೇಳಬೇಕೆನಿಸಿತು. ತಾಮ್ರಕ್ಕೆ ಕೈಯೆಲ್ಲಿ, ಮಾತೆಲ್ಲಿ? ದ್ಯಾಮವ್ವ ಮಾತ್ರ ಈಗ ನನಗೆ ಸಂಬಂಧವೇ ಇಲ್ಲದ ಆ ಗುಂಡಿಗೆ ನೀರು ಹಾಕುತ್ತಲೇ ಇದ್ದಳು.

ಒಂದು ಮಧ್ಯಾಹ್ನ ಮೋಡ ಕವಿಯಿತು. ಹಿಟ್ಟಿಗೆ ಕಾಯುತ್ತಿದ್ದ ಹೆಂಗಸರನ್ನು ದ್ಯಾಮವ್ವ ಮನೆಗೆ ಅಟ್ಟಿದಳು. ಗಂಡನ ತೋಳು ಹಿಡಿದು ಎಳೆದಳು.

"ನೀ ನಡಿ. ಮುಳ್ಳ ಏರೂದ್ ನೋಡಿ ಬರ್ತೀನಿ," ಎಂದ ಅವನು.

ಅವಳು ಅಂಗಳ ದಾಟಿದ್ದಳು, ಅಷ್ಟೇ. ಸಿಡಿಲು ಬಂತು. ಬೇಡವೆಂದು ತಡೆಯುವ ಶಕ್ತಿ ನನಗಿಲ್ಲ. ಬಂದದ್ದನ್ನು ದಾಟಿಸುತ್ತೇನೆ, ಹಾದಿ ಅವನೇ ಮಾಡಿಟ್ಟಿದ್ದ. ನಾಲ್ಕೂ ಬ್ಯಾಟರಿ ಸಿಡಿದವು. ಒಂದು ಬಲ್ಬು ಉರಿಯುವಷ್ಟೂ ಕರೆಂಟು ಉಳಿಯಲಿಲ್ಲ. ಫಕ್ಕೀರಪ್ಪನ ಜೀವ ಉಳಿಯಿತು, ಎರಡೂ ಕಿವಿ ಹೋದವು.

ಗಿರಣಿಗೆ ಬೀಗ ಬಿತ್ತು. ನನ್ನನ್ನು ಕಿತ್ತು ಅಂಗಳದ ಮೂಲೆಗೆ ಎಸೆದರು. ಅಂದಿನಿಂದ ಗುಡುಗು ಕೇಳಿದಾಗಲೆಲ್ಲ ದ್ಯಾಮವ್ವ ಓಡಿ ಬಂದು ಗಂಡನನ್ನು ಕೈಹಿಡಿದು ಮನೆಗೆ ಕರೆದೊಯ್ಯುತ್ತಾಳೆ.

ಇವತ್ತು ಅವಳು ಜೋಳದ ಬುಟ್ಟಿ ಹೊತ್ತು ಪಕ್ಕದ ಊರಿನ ಗಿರಣಿಗೆ ಹೋಗಿದ್ದಾಳೆ. ಪಡುವಣದಲ್ಲಿ ಮೋಡ ಕಪ್ಪಾಗಿದೆ, ಗುಡುಗು ಶುರುವಾಗಿದೆ. ಫಕ್ಕೀರಪ್ಪ ಅದಕ್ಕೆ ಬೆನ್ನು ಮಾಡಿ ಅಂಗಳದ ನಡುವೆ ಒಬ್ಬನೇ ಕುಳಿತಿದ್ದಾನೆ. ಮಾಳಿಗೆಯ ಮೇಲೆ ನಾನಿಲ್ಲ, ಅವನಿಂದ ಹತ್ತು ಹೆಜ್ಜೆ ದೂರದಲ್ಲಿ ಕಸದ ಜೊತೆ ಬಿದ್ದಿದ್ದೇನೆ.

ಮತ್ತೊಮ್ಮೆ ಗುಡುಗಿತು. ಅವನು ತಲೆ ಎತ್ತಲಿಲ್ಲ.