ಉಡಿ ತುಂಬಿಸಿಕೊಂಡ ಗೋಡೆ

ನಾಲ್ಕು ಜನರ ಮುಂದೆ ನಿಂತರೆ ನನ್ನ ಕಾಲುಗಳು ನಡುಗುತ್ತವೆ. ಅದು ಚೂಡಿದಾರದ ಮೇಲಿಂದಲೂ ಕಾಣುತ್ತದೆಯೋ ಏನೋ. ಯಾರನ್ನೂ ಕೇಳಲಾಗದೆ ಡೈರಿಯಲ್ಲಷ್ಟೇ ಬರೆದುಕೊಂಡಿದ್ದೇನೆ. ಇವತ್ತು ಬೆಳಿಗ್ಗೆ ಅಪ್ಪ, "ರಾಯಚೂರಾಗ ಡಿಗ್ರಿ ಮಾಡೀದಿ ವಿಶಾಖಾ. ಗೋಡಿ ಎತ್ತರ ಮಾಡ್ರಿ ಅಂತ ಸಾಹೇಬ್ರಿಗೆ ನೀನ ಕೇಳಬೇಕು" ಎಂದ.

ಅದು ಅಪ್ಪನ ಗೋಡೆ. ದೇವದುರ್ಗದ ಕಚೇರಿಗಳಿಗೆ ವರ್ಷಗಟ್ಟಲೆ ಅಲೆದು, ಧರಣಿ ಕೂತು, ನಮ್ಮ ಕೇರಿಗೂ ಕೃಷ್ಣೆಗೂ ನಡುವೆ ಕಟ್ಟಿಸಿದ್ದು. ಕೇರಿ ಪಕ್ಕದ ಹಳ್ಳ ಹೊಳೆ ಸೇರುವಲ್ಲಿಗೂ ಅದು ಅಡ್ಡ ಬಂತು. ಹಳ್ಳದ ನೀರು ಹೋಗಲೆಂದು ಗೋಡೆಯಡಿ ಸಿಮೆಂಟ್ ಪೈಪು ಹಾಕಿದರು. ಮೊದಲ ಮಳೆಗಾಲ ಕೇರಿ ಮುಳುಗಲಿಲ್ಲ. ಹೊಳೆಗೆ ತುಂಬುವ ಉಡಿಯನ್ನು ಹೆಂಗಸರು ಗೋಡೆಗೇ ತುಂಬಿದರು: ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು. ಆಮೇಲೆ ಅದೇ ಪದ್ಧತಿಯಾಯಿತು. ಧೈರ್ಯ ಬಂದು ಹಳ್ಳದ ದಂಡೆಗೂ ಮನೆ ಕಟ್ಟಿಕೊಂಡರು. ಪೈಪಿನೊಳಗೆ ಹೂಳು ಸೇರುತ್ತಿದ್ದುದನ್ನು ಮಾತ್ರ ಯಾರೂ ಬಗ್ಗಿ ನೋಡಲಿಲ್ಲ.

ಈ ಸಲ ನೀರು ಮನೆ ಹೊಕ್ಕಿತು. ಹೊಳೆ ಗೋಡೆ ದಾಟಿತೆಂದರು ಎಲ್ಲರೂ. ಆಡುಗಳನ್ನು ಕಲ್ಲೂರಿನ ಅತ್ತೆಯ ಮನೆಗೆ ಸಾಗಿಸಿ ನಾವು ಶಾಲೆಯಲ್ಲಿದ್ದೆವು. ಮಳೆ ನಿಂತ ಮೇಲೆ ನಾನೊಬ್ಬಳೇ ಹೋಗಿ ಗೋಡೆ ಹತ್ತಿದೆ. ಆಚೆ ಹೊಳೆ ಇಳಿದು ಮರಳು ಕಾಣುತ್ತಿತ್ತು; ಗೋಡೆಯ ಹೊರಮೈಯಲ್ಲಿ ನೀರಿನ ಗುರುತು ಅರ್ಧಕ್ಕಿಂತ ಮೇಲೇರಿರಲಿಲ್ಲ. ಈಚೆ ನಮ್ಮ ಅಡುಗೆಮನೆಯ ಕಿಟಕಿಯವರೆಗೂ ನೀರು ಅಲುಗದೆ ನಿಂತಿತ್ತು.

ಅಪ್ಪನಿಗೆ ಹೇಳುವ ಬದಲು ಅದನ್ನೂ ಡೈರಿಯಲ್ಲಿ ಬರೆದಿಟ್ಟೆ.

ಇವತ್ತು ಇಂಜಿನಿಯರ್ ಸಾಹೇಬರು ಕರೆದ ಸಭೆಯಲ್ಲಿ ಮಾನ್ವಿಯ ಗುತ್ತಿಗೆದಾರ ವಿರೂಪಣ್ಣನೇ ಮೊದಲು ಎದ್ದ. "ಇನ್ನೊಂದಾಳೆತ್ತರ ಏರಿಸಿದ್ರ ಆತ್ರೀ, ಹೊಳಿ ಇತ್ತಾಗ ಹಣಿಕಿ ಸೈತ ಹಾಕಂಗಿಲ್ಲ."

ಮೂಕಮ್ಮಜ್ಜಿ ಕೂತಲ್ಲಿಂದಲೇ ಕೂಗಿದಳು: "ವರ್ಷಾ ವರ್ಷಾ ಉಡಿ ತುಂಬೀವಿ, ಅದು ಬಸಿರಾಗೇದ! ಸೀಮಂತನೂ ನೀನ ಮಾಡಪಾ!"

ಜನ ಗೊಳ್ಳೆಂದರು. "ಯವ್ವಾ, ಸುಮ್ಕಿರಬೇ," ಎಂದ ಅಪ್ಪ ನನ್ನತ್ತ ತಿರುಗಿದ. ಅವನ ಮುಖದಲ್ಲಿ ಎಂಥ ಹೆಮ್ಮೆ!

ಎದ್ದು ನಿಂತೆ. ಹೇಳಿದರೆ ಅಪ್ಪನ ಆಯುಷ್ಯದ ಕೆಲಸ ಊರೆದುರು ಬಿದ್ದುಹೋಗುತ್ತದೆ. ಹೇಳದಿದ್ದರೆ ಬರುವ ಮಳೆಗೆ ಕೇರಿ ಸೂರಿನವರೆಗೆ ಮುಳುಗುತ್ತದೆ.

"ಸರ್..." ನನಗೇ ಕೇಳಿಸಲಿಲ್ಲ.

"ಜೋರಾಗಿ ಹೇಳವ್ವಾ," ವಿರೂಪಣ್ಣ ನಕ್ಕ, "ಹೆಣ್ಣು ನೋಡಾಕ ಬಂದಿಲ್ಲ ಇಲ್ಲಿ ಯಾರೂ."

ಇಂಜಿನಿಯರನ್ನು ಬಿಟ್ಟು, ವಿರೂಪಣ್ಣನನ್ನೂ ಬಿಟ್ಟು, ಅಪ್ಪನನ್ನೇ ನೋಡಿದೆ.

"ಗೋಡಿ ಏರಿಸಾಕ ನಾ ಕೇಳಂಗಿಲ್ಲ. ಹಳ್ಳದ ಬಾಯಾಗ ಅದನ್ನ ಒಡೀಬೇಕು. ಹೊಳಿ ಒಳಗ ಬಂದೇ ಇಲ್ಲ, ನಮ್ಮ ಹಳ್ಳಕ್ಕ ಹೊರಗ ಹೋಗಾಕ ದಾರಿ ಇರಲಿಲ್ಲ. ಯಪ್ಪಾ, ನಮ್ಮನ್ನ ಮುಳುಗಿಸಿದ್ದು ನಿನ್ನ ಗೋಡಿ."