ಆರು ಗಂಟೆಯ ಕಡ್ಡಿ

ಅಕ್ಕನ ಮಗಳು ಫೋನಿನಲ್ಲಿ ಮೂಗೆಳೆದದ್ದೇ ತಡ, ಚಪ್ಪಲಿ ಮೆಟ್ಟಿದೆ. ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡು ಆಳಿದ ನರ್ಸ್ ನಾನು. ರೋಗಿಯನ್ನು ನೋಡದೆ ಕೈಚೆಲ್ಲುವ ಅಭ್ಯಾಸ ನನಗಿಲ್ಲ. ಈ ಸಲದ ರೋಗಿ ಮೊಳದುದ್ದದ ಒಂದು ಜೂನಿಪರ್ ಬೋನ್ಸಾಯ್. ಅಕ್ಕ ಇಪ್ಪತ್ತು ವರ್ಷ ಕುಂಡದಲ್ಲೇ ಕುಳ್ಳಗೆ ಸಾಕಿದ ಮರ. ಅಕ್ಕ ಹೋಗಿ ಐದು ತಿಂಗಳಾಗಿತ್ತು.

"ಚಿಕ್ಕಮ್ಮಾ, ಇದೂ ಹೋಗ್ಬಿಟ್ರೆ ಅಪ್ಪ ಉಳಿಯಲ್ಲ," ಅಂದಳು ಹುಡುಗಿ ಬಾಗಿಲಲ್ಲೇ.

"ಯಾರೂ ಎಲ್ಲಿಗೂ ಹೋಗಲ್ಲ. ದಾರಿ ಬಿಡು."

ಮರ ಟಿವಿಯ ಪಕ್ಕದಲ್ಲಿತ್ತು. ಬಿಸಿಲು ತಾಗಬಾರದೆಂದು ಇವಳೇ ಒಳಗೆ ತಂದಿಟ್ಟಿದ್ದಳಂತೆ. ಬಿಸಿಲು ಗಾಳಿಯಲ್ಲೇ ಬದುಕುವ ಮರವನ್ನು ಧಾರಾವಾಹಿ ನೋಡಲು ಕೂರಿಸಿದ್ದಳು! ಬಲಗಡೆಯ ಕೊಂಬೆಗಳು ಕಂದಿದ್ದವು. ಎಡಗಡೆ ಹಸಿರಿತ್ತು, ಆದರೆ ಜೂನಿಪರ್ ಹಸಿರನ್ನು ನಂಬುವ ಹಾಗಿಲ್ಲ; ಸತ್ತು ವಾರಗಳಾದರೂ ಬಣ್ಣ ಬಿಟ್ಟುಕೊಡುವುದಿಲ್ಲ. ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ತೇವವಿತ್ತು.

"ಜೀವ ಇದೆ," ಅಂದೆ.

ಕುಂಡದಿಂದ ಬಿಡಿಸಿದಾಗ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಬೇರುಗಳು ನೀರು ಕುಡಿದೂ ಕುಡಿದೂ ಮೆತ್ತಗಾಗಿದ್ದವು. ಕೊಳೆತದ್ದನ್ನು ಕತ್ತರಿಸಿ, ದಪ್ಪ ಮರಳು ಬೆರೆಸಿದ ಮಣ್ಣಿನಲ್ಲಿ ಕೂರಿಸಿದೆ. ಹಳೆಯ ಮಣ್ಣಿನಲ್ಲಿ ಪೆನ್ಸಿಲುದ್ದದ ಒಂದು ಮರದ ಕಡ್ಡಿ ಸಿಕ್ಕಿತು. ಏನೋ ಆಸರೆಗೆ ಚುಚ್ಚಿರಬೇಕೆಂದು ಬಾಲ್ಕನಿ ಕಡೆಯ ಕಿಟಕಿಯ ಅಂಚಿಗೆ ಎಸೆದೆ. ಮರವನ್ನು ಬಾಲ್ಕನಿಗೆ ಸಾಗಿಸಿ, ಒಂದು ಚೀಟಿ ಬರೆದು ಕೊಂಬೆಗೆ ಕಟ್ಟಿದೆ: ‘ನನ್ನನ್ನು ಕೇಳದೆ ಒಂದು ಹನಿಯೂ ಕೊಡಕೂಡದು.’

ಭಾವ ಕುರ್ಚಿಯಲ್ಲಿ ಕೂತು ಪೇಪರಿನ ಮರೆಯಿಂದ ಎಲ್ಲವನ್ನೂ ನೋಡಿದರು. "ನಿನ್ನ ದರ್ಬಾರು ಇನ್ನೂ ನಿಂತಿಲ್ಲ," ಅಂದರು, ಅಷ್ಟೇ.

ಮೂರು ದಿನ ಬಿಟ್ಟು ಹೋದರೆ ಮಣ್ಣು ಮತ್ತೆ ಪಚಪಚ. ಹುಡುಗಿ ತಾನು ಮುಟ್ಟಿಲ್ಲವೆಂದು ಆಣೆ ಮಾಡಿದಳು. ಕಳ್ಳನನ್ನು ಹಿಡಿದೇ ಹೋಗುವುದೆಂದು ಅಲ್ಲೇ ಉಳಿದೆ. ಮರುದಿನ ಬೆಳಗ್ಗೆ ಆರಕ್ಕೆ ಬಾಲ್ಕನಿಯ ಬಾಗಿಲು ಕಿರ್ರೆಂದಿತು. ಎದ್ದು ಬಂದು ನೋಡಿದರೆ ಭಾವ, ಕೈಯಲ್ಲಿ ನೀರಿನ ಚೊಂಬು.

"ಭಾವ!"

ಅವರು ಬೆಚ್ಚಲಿಲ್ಲ. "ಅವಳು ದಿನಾ ಆರಕ್ಕೆ ಇಲ್ಲಿ ನಿಂತು ನೀರು ಹಾಕ್ತಿದ್ಲು. ನಾನು ಒಳಗೆ ಆ ಕುರ್ಚೀಲಿ ಟೀ ಕುಡೀತಾ ಕೂತಿರ್ತಿದ್ದೆ. ಈಗ್ಲೂ ಆರಕ್ಕೇ ಎಚ್ಚರ ಆಗತ್ತೆ. ಎದ್ದು ಏನು ಮಾಡ್ಲಿ, ನೀನೇ ಹೇಳು?"

ಬೈಯಲೆಂದೇ ಬಂದವಳು ಅವರ ಕೈಯಿಂದ ಚೊಂಬು ತೆಗೆದು ಕೆಳಗಿಟ್ಟೆ. ನನಗೂ ಅಕ್ಕ ಬೇಕಿತ್ತು.

ಮುಖ ತಿರುಗಿಸಿದಾಗ ಕಿಟಕಿಯ ಅಂಚಿನಲ್ಲಿದ್ದ ಕಡ್ಡಿ ಕಂಡಿತು. ಎತ್ತಿಕೊಂಡೆ. ಒಂದು ತುದಿ ಮಣ್ಣಿನ ತೇವಕ್ಕೆ ಕಪ್ಪಾಗಿತ್ತು; ಇನ್ನೊಂದು ತುದಿ ಬೆರಳು ತಾಗಿ ತಾಗಿ ನುಣುಪಾಗಿತ್ತು. ಆಸರೆಯ ಕಡ್ಡಿಯನ್ನು ಯಾರೂ ಅಷ್ಟು ಸಲ ಮುಟ್ಟುವುದಿಲ್ಲ. ಮರದ ಥರ್ಮಾಮೀಟರನ್ನೇ ಗುರುತಿಸದೆ ಎಸೆದಿದ್ದೆ, ಪೆದ್ದಿ ನಾನು.

"ಭಾವ, ಅಕ್ಕ ನೀರು ಹಾಕೋದನ್ನ ಕಣ್ಣಾರೆ ನೋಡಿದ್ದೀರಾ?"

ಅವರು ಯೋಚಿಸಿದರು. "ಕುರ್ಚಿಯಿಂದ ಅವಳ ಬೆನ್ನಷ್ಟೇ ಕಾಣ್ತಿತ್ತು."

"ಅವಳು ಈ ಕಡ್ಡಿ ಎತ್ತಿ ನೋಡ್ತಿದ್ಲು. ತೇವ ಇದ್ರೆ ವಾಪಸ್ ಚುಚ್ಚಿ ಸುಮ್ನೆ ನಿಂತಿರ್ತಿದ್ಲು. ಒಣಗಿದ್ರೆ ಮಾತ್ರ ನೀರು."

ಭಾವ ಕಡ್ಡಿಯನ್ನು ಇಸಿದುಕೊಂಡು ನುಣುಪಾದ ಕಡೆ ಹೆಬ್ಬೆರಳಿಟ್ಟರು. "ಇಪ್ಪತ್ತು ವರ್ಷ. ಒಂದು ದಿನಾದ್ರೂ ಎದ್ದು ಬಂದು ಪಕ್ಕದಲ್ಲಿ ನಿಲ್ಲಬಾರದಿತ್ತಾ ನಾನು?"

"ಈಗ ನಿಲ್ಲಿ. ನಾಳೆಯಿಂದ ಆರು ಗಂಟೆ ಡ್ಯೂಟಿ ನಿಮ್ದು. ಕಡ್ಡಿ ನೋಡಿ ನನಗೆ ಫೋನ್ ಮಾಡಬೇಕು."

ದಿನವೂ ಆರು ಗಂಟೆ ಐದು ನಿಮಿಷಕ್ಕೆ ಫೋನು ಬರುತ್ತಿತ್ತು. "ತೇವ ಇದೆ," ಅಂದು ಇಟ್ಟುಬಿಡುತ್ತಿದ್ದರು. ಆರನೆಯ ದಿನ ಧ್ವನಿ ಬೇರೆಯಾಗಿತ್ತು.

"ಒಣಗಿದೆ ಕಣಮ್ಮಾ. ಹಾಕ್ಲಾ?"

"ಹಾಕಿ ಭಾವ. ತಳದಿಂದ ಸೋರೋವರೆಗೂ ಹಾಕಿ."

ಫೋನು ಇಡದೆಯೇ ಹಾಕಿದರು. ನೀರು ಸೋರುವ ಸದ್ದು ನನಗೂ ಕೇಳಿಸಿತು.

ಏಳನೆಯ ವಾರಕ್ಕೆ ಎಡಗೊಂಬೆಯ ತುದಿಗಳಲ್ಲಿ ಎಳೆ ಹಸಿರು ಒಡೆಯಿತು. ಇನ್ನು ನನ್ನ ಕಾವಲು ಸಾಕೆಂದು ಚೀಟಿ ಬಿಚ್ಚಲು ಹೋದೆ. ಭಾವನ ಕುರ್ಚಿ ಬಾಲ್ಕನಿಯಲ್ಲಿ ಮರದ ಪಕ್ಕಕ್ಕೇ ಬಂದಿತ್ತು. ಚೀಟಿಯಲ್ಲಿ ‘ನನ್ನನ್ನು’ ಎಂಬುದನ್ನು ಹೊಡೆದುಹಾಕಿ, ಮೇಲೆ ಭಾವ ತಮ್ಮ ಅಕ್ಷರದಲ್ಲಿ ‘ಅವಳನ್ನು’ ಎಂದು ಬರೆದಿದ್ದರು. ಅವರ ಬಾಯಲ್ಲಿ ‘ಅವಳು’ ಎಂದರೆ ಅಕ್ಕ ಒಬ್ಬಳೇ.

ನನ್ನ ಆದೇಶವನ್ನು ತಿದ್ದುವ ಧೈರ್ಯ ಮೂವತ್ತೊಂದು ವರ್ಷದಲ್ಲಿ ಯಾರಿಗೂ ಬಂದಿರಲಿಲ್ಲ. ಬಿಚ್ಚಲು ಹೋದ ಚೀಟಿಯನ್ನು ಇನ್ನೊಂದು ಗಂಟು ಹಾಕಿ ಬಿಗಿಯಾಗಿ ಕಟ್ಟಿದೆ.